ಡಬ್ಲ್ಯುಬಿಸಿ ನಾರ್ಮಲ್ ಇದ್ದರೆ ಕಿಡ್ನಿಯಲ್ಲಿ ಸೋಂಕಿಲ್ಲ ಎಂದರ್ಥವೇ?

ಲ್ಯಾಬ್ ರಿಪೋರ್ಟ್ ಕೈಗೆ ಬಂದ ಕೂಡಲೇ ಅದರ ಫೋಟೋ ಫ್ಯಾಮಿಲಿ ಗ್ರೂಪ್‌ಗೆ ಹೋಗುತ್ತದೆ. ‘ಡಬ್ಲ್ಯುಬಿಸಿ 11 ಸಾವಿರ ದಾಟಿದ್ದರೆ ಇನ್ಫೆಕ್ಷನ್, ಇಲ್ಲದಿದ್ದರೆ ಏನೂ ಇಲ್ಲ’ ಎಂಬ ಉತ್ತರವೂ ಅಷ್ಟೇ ಬೇಗ ಬರುತ್ತದೆ. ದಿಢೀರನೆ ಬರುವ ಕಿಡ್ನಿ ಸೋಂಕಿನ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ವೈದ್ಯರು ಕ್ರಾನಿಕ್ ಪೈಲೋನೆಫ್ರೈಟಿಸ್ ಎನ್ನುವ ದೀರ್ಘಕಾಲದ ಸೋಂಕಿನಲ್ಲಿ ಇದನ್ನೇ ನಂಬಿ ಕೂತರೆ ಕಿಡ್ನಿ ಸದ್ದಿಲ್ಲದೆ ಹಾಳಾಗಬಹುದು.

ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 4,000ದಿಂದ 11,000 ಬಿಳಿ ರಕ್ತಕಣಗಳಿರುತ್ತವೆ. ಬ್ಯಾಕ್ಟೀರಿಯಾ ಕಿಡ್ನಿಗೆ ಏರಿದಾಗ ಮೂಳೆಯೊಳಗಿನ ಮಜ್ಜೆ ನ್ಯೂಟ್ರೋಫಿಲ್ ಎಂಬ ಕಣಗಳನ್ನು ಅವಸರದಲ್ಲಿ ಹೊರಗೆ ಕಳಿಸುತ್ತದೆ. ಚಳಿಜ್ವರ, ಪಕ್ಕೆನೋವು, ಏರಿದ ಡಬ್ಲ್ಯುಬಿಸಿ ಒಟ್ಟಿಗೆ ಕಾಣುವುದು ಆಗಲೇ.

ದೀರ್ಘಕಾಲದ ಸೋಂಕಿನ ಕತೆ ಬೇರೆ. ಮೂತ್ರಕೋಶದಿಂದ ಮೂತ್ರ ಹಿಮ್ಮುಖವಾಗಿ ಹರಿಯುವುದು, ಕಿಡ್ನಿ ಕಲ್ಲು, ಪ್ರಾಸ್ಟೇಟ್ ತಡೆ ಇಂಥ ಕಾರಣಗಳಿಂದ ಸೋಂಕು ಮತ್ತೆ ಮತ್ತೆ ಬಂದು ಕಿಡ್ನಿಯಲ್ಲಿ ಕಲೆ ಉಳಿಯುತ್ತದೆ. ಜ್ವರವೇ ಇಲ್ಲದಿರಬಹುದು, ಡಬ್ಲ್ಯುಬಿಸಿಯೂ ನಾರ್ಮಲ್ ಇರಬಹುದು. ಸುಳಿವು ಅದೇ ರಿಪೋರ್ಟಿನ ಬೇರೆ ಸಾಲುಗಳಲ್ಲಿ ಸಿಗುವುದುಂಟು: ಇಳಿದ ಹಿಮೋಗ್ಲೋಬಿನ್, ಏರಿದ ಇಎಸ್‌ಆರ್, ಕೆಲವೊಮ್ಮೆ ಹೆಚ್ಚಿದ ಪ್ಲೇಟ್‌ಲೆಟ್.

ಹಿಮೋಗ್ಲೋಬಿನ್ ಇಳಿದದ್ದು ಕಂಡರೆ ಮನೆಯಲ್ಲಿ ಬೀಟ್‌ರೂಟ್, ಖರ್ಜೂರ ಶುರುವಾಗುತ್ತದೆ. ಆದರೆ ಉರಿಯೂತ ಇದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನ್ ಹೆಚ್ಚು ಮಾಡುತ್ತದೆ. ಅದು ಕರುಳಿನಿಂದ ಕಬ್ಬಿಣ ಒಳಬರುವುದನ್ನು ತಡೆಯುತ್ತದೆ, ದೇಹದಲ್ಲಿ ಈಗಾಗಲೇ ಇರುವ ಕಬ್ಬಿಣಕ್ಕೂ ಬೀಗ ಹಾಕುತ್ತದೆ. ಕೆಂಪು ರಕ್ತಕಣ ತಯಾರಿಸಲು ಸೂಚನೆ ಕೊಡುವ ಎರಿಥ್ರೋಪೊಯೆಟಿನ್ ಹುಟ್ಟುವುದೇ ಕಿಡ್ನಿಯಲ್ಲಿ. ಕಿಡ್ನಿ ಸೊರಗಿದರೆ ಅದೂ ಕಡಿಮೆ. ಹೀಗಾಗಿ ಎಷ್ಟು ತಿಂದರೂ ರಕ್ತ ಏರದಿದ್ದರೆ ಅದನ್ನು ವೈದ್ಯರ ಗಮನಕ್ಕೆ ತರಲೇಬೇಕು.

ಈಚೆಗೆ ಎನ್‌ಎಲ್‌ಆರ್ ಎಂಬ ಲೆಕ್ಕವೂ ಚಾಲ್ತಿಯಲ್ಲಿದೆ. ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದರೆ ಆಯಿತು. 72 ಮತ್ತು 18 ಇದ್ದರೆ ಉತ್ತರ 4. ಆರೋಗ್ಯವಂತ ವಯಸ್ಕರಲ್ಲಿ ಇದು ಹೆಚ್ಚಾಗಿ 1ರಿಂದ 3ರ ನಡುವೆ ಇರುತ್ತದೆ. ಆದರೆ ಸ್ಟೀರಾಯ್ಡ್ ಮಾತ್ರೆ, ಆಪರೇಷನ್, ದೇಹಕ್ಕಾದ ಯಾವುದೇ ದೊಡ್ಡ ಒತ್ತಡ ಇದನ್ನು ಏರಿಸಬಲ್ಲದು. ಇಎಸ್‌ಆರ್ ಕೂಡ ವಯಸ್ಸು, ಗರ್ಭಧಾರಣೆ, ರಕ್ತಹೀನತೆಯಿಂದ ಏರುತ್ತದೆ. ಈ ಅಂಕಿಗಳು ಎಲ್ಲೋ ಉರಿಯೂತ ಇದೆ ಎಂದಷ್ಟೇ ಹೇಳುತ್ತವೆ. ಕಿಡ್ನಿಯ ಹೆಸರು ಅವುಗಳ ಬಾಯಲ್ಲಿ ಬರುವುದಿಲ್ಲ.

ಜಾಗ ತಿಳಿಯಲು ಮೂತ್ರಪರೀಕ್ಷೆ, ಕಲ್ಚರ್, ಕ್ರಿಯಾಟಿನಿನ್, ಅಲ್ಟ್ರಾಸೌಂಡ್ ಬೇಕು. ಕಲೆಗಳನ್ನು ನೋಡಲು ಡಿಎಂಎಸ್‌ಎ ಸ್ಕ್ಯಾನ್ ಇದೆ. ಮೂತ್ರದಲ್ಲಿ ಪಸ್ ಸೆಲ್ಸ್ ಇದ್ದೂ ಸಾಮಾನ್ಯ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಸೋಂಕಿಲ್ಲ ಎಂದು ನಿರಾಳವಾಗಬೇಡಿ. ನಮ್ಮ ದೇಶದಲ್ಲಿ ಕಿಡ್ನಿಯ ಕ್ಷಯವನ್ನೂ ಆಗ ಯೋಚಿಸಬೇಕಾಗುತ್ತದೆ, ಅದಕ್ಕೆ ಪರೀಕ್ಷೆಯೇ ಬೇರೆ.

‘ಎಳನೀರು ಕುಡಿದರೆ ಕಿಡ್ನಿ ಕ್ಲೀನ್’ ಎಂಬ ಸಲಹೆಯ ಬಗ್ಗೆಯೂ ಒಂದು ಮಾತು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಈಗಾಗಲೇ ಕುಂದಿರುವವರಲ್ಲಿ ಅದು ರಕ್ತದಲ್ಲಿ ಉಳಿದುಕೊಂಡು ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು.

ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಎರಡು ದಿನ ನುಂಗಿ ಆಮೇಲೆ ಲ್ಯಾಬಿಗೆ ಹೋಗುವುದು ಇನ್ನೊಂದು ತಪ್ಪು. ಆಗ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಸಾಧ್ಯವಾದಷ್ಟೂ ಔಷಧಿ ಶುರುವಾಗುವ ಮೊದಲೇ, ಮೂತ್ರದ ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬ್ ಕೊಟ್ಟ ಸ್ವಚ್ಛ ಡಬ್ಬಿಯಲ್ಲಿ ಹಿಡಿದು, ತಡಮಾಡದೆ ಒಪ್ಪಿಸಿ.