ಬೀದಿಬದಿಯ ಗಿಡ, ಕಣ್ಣುರೆಪ್ಪೆಯ ನವೆ

ಮೈಸೂರಿನ ಸಿದ್ಧಾರ್ಥನಗರ ಚಾಮುಂಡಿ ಬೆಟ್ಟದ ಮಗ್ಗುಲಿನ, ಗಾಳಿ ಬೆಳಕಿಗೆ ಕೊರತೆಯಿಲ್ಲದ ಬಡಾವಣೆ. ಮಳೆಗಾಲ ಹಿಡಿದು ಒಂದೆರಡು ತಿಂಗಳಾಯಿತೆಂದರೆ ಇಲ್ಲಿ ಮನೆ ಕಟ್ಟದೆ ಬಿಟ್ಟ ನಿವೇಶನಗಳಲ್ಲಿ ಸೊಂಟದೆತ್ತರದ ಗಿಡವೊಂದು ಒತ್ತೊತ್ತಾಗಿ ನಿಲ್ಲುತ್ತದೆ. ಅಕ್ಕಿನುಚ್ಚು ಚೆಲ್ಲಿದಂಥ ಬಿಳಿ ಹೂ, ಗಜ್ಜರಿ ಎಲೆಯನ್ನು ಹೋಲುವ ಎಲೆ. ಸಸ್ಯಶಾಸ್ತ್ರದಲ್ಲಿ ಪಾರ್ಥೇನಿಯಂ ಹಿಸ್ಟರೊಫೋರಸ್. ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ.

ಈ ಬಡಾವಣೆಯಲ್ಲಿ ಬೆಳಗಿನ ವಾಯುವಿಹಾರಕ್ಕೆ ಬರುವ ಹಿರಿಯರೊಬ್ಬರನ್ನು ಬಲ್ಲೆ. ಪ್ರತಿವರ್ಷ ಮಳೆಗಾಲದಲ್ಲಿ ಅವರ ಕಣ್ಣುರೆಪ್ಪೆ ಊದಿಕೊಳ್ಳುತ್ತಿತ್ತು. ಕತ್ತಿನ ಚರ್ಮ ಕಪ್ಪಾಗಿ ದಪ್ಪಗಟ್ಟುತ್ತಿತ್ತು, ಮೊಣಕೈಯ ಒಳಮಡಿಕೆಯಲ್ಲಿ ನೀರೊಸರುತ್ತಿತ್ತು. ಬೇಸಿಗೆ ಬಂದರೆ ತಾನಾಗಿಯೇ ತಗ್ಗುತ್ತಿತ್ತು. ಮನೆಯವರು ನಂಜೆಂದು ಮೊದಲು ಬದನೆಕಾಯಿ ಬಿಡಿಸಿದರು, ಆಮೇಲೆ ಕುಂಬಳಕಾಯಿ, ಕಡೆಗೆ ಕಡಲೆಕಾಯಿಯನ್ನೂ. ರಕ್ತ ಕೆಟ್ಟಿದೆ ಎಂದವರುಂಟು, ಬಿಸಿಲಿನ ಅಲರ್ಜಿ ಎಂದವರೂ ಉಂಟು. ಮದುವೆಮನೆಯೊಂದರ ಪಂಕ್ತಿಯಲ್ಲಿ ಪಕ್ಕದವರು ಎದ್ದು ಬೇರೆ ಎಲೆಯ ಮುಂದೆ ಕೂತದ್ದನ್ನು ಮಾತ್ರ ಅವರು ಇಂದಿಗೂ ಮರೆತಿಲ್ಲ. ಆ ಕಾಯಿಲೆ ಯಾರಿಗೂ ಅಂಟುವಂಥದಲ್ಲ. ಅದರ ಮೂಲ ಅವರ ಮನೆಯೆದುರಿನ ಖಾಲಿ ನಿವೇಶನದಲ್ಲಿತ್ತು.

ಚರ್ಮದ ಉರಿಯೂತಕ್ಕೆ ವೈದ್ಯರು ಡರ್ಮಟೈಟಿಸ್ ಎನ್ನುತ್ತಾರೆ; ನಮ್ಮ ಹಳ್ಳಿಗಳಲ್ಲಿ ಇಸುಬು ಎಂಬ ಹಳೆಯ ಮಾತಿನೊಳಗೆ ಇದರ ಹಲವು ಬಗೆಗಳು ಸೇರಿಹೋಗಿವೆ. ಪಾರ್ಥೇನಿಯಂ ತರುವುದು ಸಂಪರ್ಕದಿಂದ ಹುಟ್ಟುವ ಬಗೆ. ಗಿಡದ ಎಲೆ, ಕಾಂಡ, ಹೂಗಳ ಮೇಲಿನ ನವಿರು ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಗಿಡ ಮುಟ್ಟಲೇಬೇಕೆಂದೇನೂ ಇಲ್ಲ. ಒಣಗಿದ ಎಲೆಯ ಪುಡಿ, ರೋಮ, ಪರಾಗ ಗಾಳಿಯಲ್ಲಿ ತೇಲಿಬಂದು ಚರ್ಮದ ಮೇಲೆ ಕೂತರೂ ಸಾಕು. ಬರಿಯ ಬಿಸಿಲಿನಿಂದಾದ ತೊಂದರೆಯಾದರೆ ನೆರಳಿರುವ ಕಣ್ಣುರೆಪ್ಪೆ, ಗದ್ದದ ಅಡಿ, ಕಿವಿಯ ಹಿಂಭಾಗ ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಗಾಳಿಯ ಧೂಳು ಅಲ್ಲಿಗೂ ಹೊಕ್ಕುತ್ತದೆ. ಚರ್ಮರೋಗ ತಜ್ಞರು ಮೊದಲು ನೋಡುವುದು ಈ ಜಾಗಗಳನ್ನೇ. ವರ್ಷಗಟ್ಟಲೆ ಅಲಕ್ಷಿಸಿದರೆ ಕೆಲವರ ಚರ್ಮಕ್ಕೆ ನಿಜವಾಗಿಯೂ ಬಿಸಿಲು ತಾಳದ ಸ್ಥಿತಿ ಬರುವುದುಂಟು. ಆಗ ಗೊಂದಲ ಇನ್ನೂ ಹೆಚ್ಚುತ್ತದೆ.

ಬದನೆಕಾಯಿಯ ಮೇಲೆ ಅಪವಾದ ಬರುವುದಕ್ಕೂ ಒಂದು ಕಾರಣವಿದೆ. ಈ ಅಲರ್ಜಿ ನಿಧಾನದ್ದು. ಇಂದು ಗಿಡದ ಸಹವಾಸವಾದರೆ ನವೆ ಏಳುವುದು ನಾಳೆಯೋ ನಾಡಿದ್ದೋ. ಅಷ್ಟರಲ್ಲಿ ನಾಲ್ಕು ಊಟ ಆಗಿರುತ್ತದೆ, ಅನುಮಾನ ಊಟದ ಮೇಲೆ ತಿರುಗುತ್ತದೆ. ಮೇಲಾಗಿ, ಎಷ್ಟೋ ವರ್ಷ ಸುಮ್ಮನಿದ್ದ ದೇಹ ಒಂದು ದಿನ ಇದ್ದಕ್ಕಿದ್ದಂತೆ ಮುನಿಯಬಹುದು. 'ಹುಡುಗನಾಗಿದ್ದಾಗಿನಿಂದ ಕಿತ್ತಿದ್ದೇನೆ, ಏನೂ ಆಗಿರಲಿಲ್ಲ' ಎಂಬ ಮಾತು ಸತ್ಯವೇ. ಆದರೆ ಗಿಡ ನಿರಪರಾಧಿ ಎನ್ನಲು ಅದು ಸಾಲದು.

ಈ ಗಿಡದ ತವರು ಮೆಕ್ಸಿಕೋ ಕೊಲ್ಲಿಯ ಸುತ್ತಿನ ನಾಡು. ಅಮೆರಿಕದ ಪಿ.ಎಲ್. 480 ಗೋಧಿಯೊಡನೆ ಬಂತೆಂಬುದು ಎಲ್ಲರೂ ಕೇಳಿರುವ ಕಥೆ. ಪುಣೆಯ ಕಸದ ತಿಪ್ಪೆಗಳಲ್ಲಿ ಇದು ಕಣ್ಣಿಗೆ ಬಿದ್ದದ್ದು 1955ರಲ್ಲಿ, ಸಸ್ಯವಿಜ್ಞಾನಿ ಆರ್.ಎಸ್. ರಾವ್ ಮರುವರ್ಷ ಅದನ್ನು ಭಾರತಕ್ಕೆ ಹೊಸತೆಂದು ದಾಖಲಿಸಿದರು. ಆದರೆ ಪಿ.ಎಲ್. 480ರಡಿ ಭಾರತ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲು, 1951ರಿಂದಲೇ, ಅಮೆರಿಕದ ಧಾನ್ಯ ಬರುತ್ತಿತ್ತೆಂಬುದು ನಿಜ. ಇನ್ನೂ ಹಿಂದೆ ಹೋದರೆ, ಕಲ್ಕತ್ತೆಯ ಸಸ್ಯೋದ್ಯಾನದ ಗಿಡಗಳ ಬಗ್ಗೆ ರಾಕ್ಸ್‌ಬರೊ ಸಿದ್ಧಪಡಿಸಿದ 1814ರ ಪಟ್ಟಿಯಲ್ಲೇ ಇದರ ಹೆಸರಿದೆ. ಹಾಗಾಗಿ ಗೋಧಿ ಈ ಗಿಡವನ್ನು ಹರಡಿರಬಹುದು. ಮೊದಲು ತಂದದ್ದು ಅದೇ ಎಂದು ಹೇಳಲು ನನಗೆ ಧೈರ್ಯ ಸಾಲದು. ಕನ್ನಡದ ಹೆಸರಿಗೂ ಎರಡು ವಿವರಣೆಗಳಿವೆ: ಬಿಳಿ ಹೂ ಗಾಂಧಿ ಟೋಪಿಯಂತೆ ಕಾಣುತ್ತದೆ ಎಂಬುದೊಂದು, ಆ ಪಕ್ಷದ ಆಡಳಿತದಲ್ಲಿ ಬಂತು ಎಂಬುದು ಇನ್ನೊಂದು. ಯಾವ ಪಕ್ಷದ ಸರ್ಕಾರವಿದ್ದರೂ ಗಿಡ ಬೆಳೆಯುವುದನ್ನು ನಿಲ್ಲಿಸಿಲ್ಲ.

ಚರ್ಮದ ಕಾಯಿಲೆಗೂ ಈ ಕಳೆಗೂ ಇರುವ ನಂಟು ವೈದ್ಯಲೋಕಕ್ಕೆ ಸ್ಪಷ್ಟವಾದದ್ದು ಪುಣೆಯಿಂದಲೇ. ಅಲ್ಲಿನ ಡಾ. ಲೋಣ್ಕರ್ ಅವರು ವ್ಯಾಂಕೂವರಿನ ಮಿಚೆಲ್ ಮತ್ತು ಲಂಡನ್ನಿನ ಕ್ಯಾಲ್ನನ್ ಅವರೊಡನೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1977ರಲ್ಲಿ ಗಿಡದ ನಡುವೆ ಓಡಾಡುವವರ ಅಧ್ಯಯನವನ್ನು ಮುಂದಿಟ್ಟರು. ಕಾಯಿಲೆಯ ಸುಳಿವೇ ಇಲ್ಲದ ಅನೇಕರ ದೇಹವೂ ಗಿಡದ ವಿರುದ್ಧ ಆಗಲೇ ಸಜ್ಜಾಗಿರುತ್ತದೆಂದು ಅದರಿಂದ ತಿಳಿಯಿತು. ಈ ನಡುವೆ ಕರ್ನಾಟಕ ಸರ್ಕಾರ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆಯಡಿ ಇದನ್ನು ಉಪದ್ರವಿ ಕಳೆಯೆಂದು 1975ರಲ್ಲಿ ಘೋಷಿಸಿತ್ತು. ಜಮೀನಿನ ಕಳೆಗೆ ಜಮೀನಿನವರೇ ಹೊಣೆ ಎಂಬ ಮಾತು ಕಾಗದದ ಮೇಲೆ ಚೆನ್ನಾಗಿಯೇ ಇದೆ.

ಕಾಯಿದೆಗಿಂತ ಹೆಚ್ಚು ಕೆಲಸ ಮಾಡಿದ್ದು ಬಹುಶಃ ಒಂದು ಪುಟ್ಟ ದುಂಬಿ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮೆಕ್ಸಿಕೋದಿಂದ 1983ರಲ್ಲಿ ಜೈಗೊಗ್ರಾಮ ಬೈಕಲರೇಟ ಎಂಬ ಎಲೆ ತಿನ್ನುವ ದುಂಬಿಯನ್ನು ತರಿಸಿತು. ಬೇರೆ ಬೆಳೆಗಳಿಗೆ ಬಾಯಿ ಹಾಕದೆಂದು ಪರೀಕ್ಷಿಸಿ 1984ರಲ್ಲಿ ಬಿಡುಗಡೆ ಮಾಡಿತು. ಎಲ್ಲವೂ ಸರಿಯಿದೆ ಎನ್ನುವಾಗ, 1991ರ ಸುಮಾರಿಗೆ ದುಂಬಿ ಸೂರ್ಯಕಾಂತಿಯ ಎಲೆ ತಿನ್ನುತ್ತಿದೆ ಎಂಬ ದೂರು ಬಂತು. ರೈತರು ಗಾಬರಿಯಾದರು, ಸತ್ಯಶೋಧನೆಗೆ ಸಮಿತಿ ನೇಮಕವಾಯಿತು. ಕೆ.ಪಿ. ಜಯಂತ್ ಮತ್ತಿತರ ವಿಜ್ಞಾನಿಗಳು ಕಂಡುಕೊಂಡದ್ದು ಸ್ವಾರಸ್ಯಕರ: ಸುತ್ತಲಿನ ಪಾರ್ಥೇನಿಯಂ ಪರಾಗ ಸೂರ್ಯಕಾಂತಿಯ ಎಲೆಯ ಮೇಲೆ ಉದುರಿದಾಗ ದುಂಬಿ ಅದಕ್ಕೆ ಮರುಳಾಗಿ ಎಲೆಯನ್ನೂ ಕಚ್ಚುತ್ತಿತ್ತು.

ಎರಡು ಗಿಡಗಳೂ ಒಂದೇ ಕುಟುಂಬದವು, ಸೇವಂತಿಗೆಯೂ ಅದೇ ಕುಟುಂಬದ್ದು. ಪಾರ್ಥೇನಿಯಂಗೆ ಮುನಿದ ಚರ್ಮ ಕೆಲವರಲ್ಲಿ ಈ ನೆಂಟರ ಮೇಲೂ ಮುನಿಯುತ್ತದೆ. ನಮ್ಮ ಹಿರಿಯರಿಗೆ ಪ್ರತಿ ನವರಾತ್ರಿಯಲ್ಲಿ ಕೈ ಕೆರೆತ ಜಾಸ್ತಿಯಾಗುತ್ತಿದ್ದುದು ದೇವರಿಗೆ ಸೇವಂತಿಗೆ ಹಾರ ಕಟ್ಟುವಾಗ. ಹೂ ಮಾರುವವರಿಗೆ, ಹೂ ಬೆಳೆಯುವವರಿಗೆ ಇದು ಜೀವನದ ಪ್ರಶ್ನೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ 1997ರ ಅಕ್ಟೋಬರ್ 6ರಿಂದ 8ರವರೆಗೆ ಪಾರ್ಥೇನಿಯಂ ನಿರ್ವಹಣೆ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಭತ್ತದ ತಳಿಗಳಿಗೆ ಹೆಸರಾದ ಡಾ. ಎಂ. ಮಹದೇವಪ್ಪ (ಅವರು 2021ರಲ್ಲಿ ತೀರಿಕೊಂಡರು) ಈ ಕಳೆಯ ಬೆನ್ನು ಬಿಡದವರು. ಕಿತ್ತ ಜಾಗ ಖಾಲಿ ಬಿಟ್ಟರೆ ಮತ್ತೆ ಅದೇ ಬರುತ್ತದೆ. ಆದ್ದರಿಂದ ತಗಚೆಯ ಜಾತಿಯ ಗಿಡ ಹಬ್ಬಿಸಿ ಇದನ್ನು ಹಿಮ್ಮೆಟ್ಟಿಸಬೇಕೆಂಬುದು ಅವರ ವಾದ. ಒಂದು ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದೆಂಬುದನ್ನು ನೆನೆದರೆ ವಾದದ ತೂಕ ತಿಳಿಯುತ್ತದೆ.

ನಮ್ಮ ಶಾಲೆಯಲ್ಲಿ ಶ್ರಮದಾನವೆಂದರೆ ಈ ಗಿಡ ಕೀಳುವುದೇ ಆಗಿತ್ತು, ಅದೂ ಬರಿಗೈಯಲ್ಲಿ, ಹೂ ಬಿಟ್ಟ ಮೇಲೆ. ಕಿತ್ತದ್ದನ್ನು ಒಣಗಿಸಿ ಸುಡುತ್ತಿದ್ದೆವು. ಮೂರೂ ತಪ್ಪು. ಕೀಳಬೇಕಾದ್ದು ಹೂ ಬಿಡುವ ಮೊದಲು, ನೆಲ ಹಸಿಯಾಗಿರುವಾಗ, ಕೈಗವಸು ಮತ್ತು ತುಂಬುತೋಳಿನ ಅಂಗಿ ತೊಟ್ಟು. ಆಮೇಲೆ ಸಾಬೂನಿನಿಂದ ತೊಳೆದುಕೊಂಡು ಬಟ್ಟೆ ಬದಲಿಸಬೇಕು. ಈಗಾಗಲೇ ನವೆ ಇರುವವರು ಆ ಕೆಲಸಕ್ಕೆ ಇಳಿಯಲೇಬಾರದು. ಇಂದಿಗೂ ಅಭಿಯಾನದ ಫೋಟೋಗಳಲ್ಲಿ ಗಣ್ಯರಿಗೆ ಕೈಗವಸು ಇರುತ್ತದೆ, ಪಕ್ಕದಲ್ಲಿ ನಿಂತ ಪೌರಕಾರ್ಮಿಕರ ಕೈ ಬರಿದಾಗಿರುತ್ತದೆ.

ಚಿಕಿತ್ಸೆಯಲ್ಲಿ ಕಾಡುವುದು ಅಂಗಡಿಯ ಮುಲಾಮು. ಸ್ಟಿರಾಯ್ಡ್ ಮುಲಾಮು ಹಚ್ಚಿದರೆ ಎರಡು ದಿನದಲ್ಲಿ ನವೆ ಅಡಗುತ್ತದೆ, ಬಿಟ್ಟರೆ ಮರಳುತ್ತದೆ. ವರ್ಷಗಟ್ಟಲೆ ಮುಖಕ್ಕೆ ಬಳಿದುಕೊಂಡವರ ಚರ್ಮ ಕಾಗದದಂತೆ ತೆಳುವಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ವೈದ್ಯರ ಕೈಯಲ್ಲಿ ಅದೇ ಮುಲಾಮು ಒಳ್ಳೆಯ ಮದ್ದು. ಕಾಯಿಲೆ ತೀವ್ರವಾದರೆ ರಕ್ತಪರೀಕ್ಷೆ ಮಾಡಿಸುತ್ತ ಅಜಥಯೊಪ್ರಿನ್ ಮಾತ್ರೆಯನ್ನೂ ಕೊಡುತ್ತಾರೆ. ಕಾರಣ ಖಚಿತಪಡಿಸಲು ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯಿದೆ.

ನಮ್ಮ ಹಿರಿಯರಿಗೆ ಆ ಪಟ್ಟಿ ಅಂಟಿಸಿದ ಮೇಲೆಯೇ ಬದನೆಕಾಯಿ ಮತ್ತೆ ದೊರೆತದ್ದು. ಈಗ ಅವರು ಬೇರೆ ದಾರಿಯಲ್ಲಿ ನಡೆಯುತ್ತಾರೆ, ಮನೆಗೆ ಬಂದೊಡನೆ ಮುಖ ತೊಳೆದು ವೈದ್ಯರು ಹೇಳಿದ್ದನ್ನಷ್ಟೇ ಹಚ್ಚಿಕೊಳ್ಳುತ್ತಾರೆ. ಒಗೆದ ಬಟ್ಟೆಯನ್ನು ನಿವೇಶನದ ಕಡೆಗೆ ಒಣಹಾಕುವುದಿಲ್ಲ. ಎದುರಿನ ನಿವೇಶನದ ಮಾಲೀಕರು ಪರವೂರಿನಲ್ಲಿದ್ದಾರೆ. ಮಳೆಗಾಲಕ್ಕೆ ಮುಂಚೆ ಗಿಡ ಕೀಳಿಸಿ ಎಂದು ಅವರಿಗೆ ಕಾಗದ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.