ಹವ್ಯಾಸಿ ಛಾಯಾಗ್ರಹಣ ಮತ್ತು ಊರ ನೆಲದ ಚರಿತ್ರೆ

ಕರ್ನಾಟಕದ ಛಾಯಾಗ್ರಹಣವನ್ನು ಕುರಿತು ಮಾತನಾಡುವಾಗ ಸಾಮಾನ್ಯವಾಗಿ ಮೂರು ಬಗೆಯ ಚಿತ್ರಗಳು ನಮ್ಮ ಗಮನಕ್ಕೆ ಬರುತ್ತವೆ. ವಸಾಹತು ಕಾಲದ ಅಧಿಕಾರಿಗಳು ತೆಗೆದ ಸ್ಮಾರಕಗಳ ಚಿತ್ರಗಳು ಮೊದಲನೆಯವು. ಅರಮನೆ ಹಾಗೂ ಸ್ಟುಡಿಯೋಗಳಲ್ಲಿ ತೆಗೆದ ವ್ಯಕ್ತಿಚಿತ್ರಗಳು ಎರಡನೆಯವು. ಪತ್ರಿಕಾ ಛಾಯಾಗ್ರಾಹಕರ ಹಾಗೂ ವನ್ಯಜೀವಿ ಛಾಯಾಗ್ರಾಹಕರ ಚಿತ್ರಗಳು ಮೂರನೆಯವು. ಈ ಮೂರಕ್ಕೂ ಸೇರದ ಮತ್ತೊಂದು ದೊಡ್ಡ ರಾಶಿಯಿದೆ. ಅದು ಶಾಲಾ ಮಾಸ್ತರು, ಅಂಚೆ ನೌಕರ, ತೋಟದ ಯಜಮಾನ, ಬ್ಯಾಂಕಿನ ಗುಮಾಸ್ತ ಮೊದಲಾದವರು ಸಂಜೆಯ ತಿರುಗಾಟದಲ್ಲಿ ತೆಗೆದ ಕೆರೆಯೇರಿ, ಗುಂಡುತೋಪು, ಕಾಲುದಾರಿ, ಮಳೆಗಾಲದ ಹಳ್ಳಗಳ ಚಿತ್ರಗಳ ರಾಶಿ. ಅವು ಯಾವ ಪತ್ರಾಗಾರವನ್ನೂ ಸೇರದೆ ಮನೆಯ ಟ್ರಂಕುಗಳಲ್ಲಿಯೇ ಉಳಿದಿವೆ. ಈ ಚಿತ್ರಗಳು ಹೇಗೆ ಹುಟ್ಟಿದವು, ಚರಿತ್ರೆ ಮತ್ತು ಜಾನಪದದ ಅಧ್ಯಯನಕ್ಕೆ ಅವು ಏನನ್ನು ಒದಗಿಸುತ್ತವೆ ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

1. ಹವ್ಯಾಸದ ಆರಂಭ

ಛಾಯಾಗ್ರಹಣವು 1839ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ಕೆಲವೇ ವರ್ಷಗಳಲ್ಲಿ ಭಾರತಕ್ಕೆ ಬಂದಿತು. 1854ರಲ್ಲಿ ಮುಂಬಯಿಯಲ್ಲಿಯೂ 1856ರಲ್ಲಿ ಕಲ್ಕತ್ತ ಮತ್ತು ಮದರಾಸುಗಳಲ್ಲಿಯೂ ಛಾಯಾಗ್ರಹಣ ಸಂಘಗಳು ಹುಟ್ಟಿಕೊಂಡವು. ಇವುಗಳ ಸದಸ್ಯರಲ್ಲಿ ಅನೇಕರು ಈ ವಿದ್ಯೆಯನ್ನು ಬಿಡುವಿನ ವೇಳೆಯಲ್ಲಿ ರೂಢಿಸಿಕೊಂಡವರು. ಕನ್ನಡನಾಡಿನ ಅತಿ ಹಳೆಯ ಛಾಯಾಚಿತ್ರಗಳಲ್ಲಿ ಕೆಲವು ಇಂತಹ ಹವ್ಯಾಸಿಗಳಿಂದಲೇ ಬಂದಿವೆ ಎಂಬುದು ಗಮನಾರ್ಹ. ಮದರಾಸು ಸೇನೆಯ ಕ್ಯಾಪ್ಟನ್ ಲಿನಿಯಸ್ ಟ್ರೈಪ್ ಹಾಗೂ ವೈದ್ಯ ಆಂಡ್ರ್ಯೂ ನೀಲ್ 1854ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದರು. ಟ್ರೈಪ್ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡದ್ದು ಆ ಬಳಿಕ, 1856ರಲ್ಲಿ.

ಇದೇ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಮೇಣ ಸವರಿದ ಕಾಗದದ ನೆಗೆಟಿವ್‌ಗಳನ್ನು ಬಳಸಿ ಹಂಪಿಯನ್ನು ಚಿತ್ರಿಸಿದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿತ್ತು ಎಂಬುದಕ್ಕೆ ಅವನ ಚಿತ್ರವು ಸಾಕ್ಷಿಯಾಗಿದೆ. ಇಂದು ರಥವನ್ನು ನೋಡುವವರಿಗೆ ಆ ಶಿಖರ ಕಾಣುವುದಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಸ್ಥಳಗಳನ್ನು ಹುಡುಕಿ, ಅವೇ ಕೋನಗಳಿಂದ ಮತ್ತೆ ಚಿತ್ರ ತೆಗೆದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ನಡುವಿನ ನೂರ ಇಪ್ಪತ್ತೇಳು ವರ್ಷಗಳು ಓದಬಹುದಾದ ದಾಖಲೆಯಾಗುತ್ತವೆ. ಹವ್ಯಾಸಿಯ ಚಿತ್ರವೊಂದು ಚರಿತ್ರೆಯ ಆಕರವಾಗುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದರೆ ಅಂದಿನ ಹವ್ಯಾಸ ದುಬಾರಿಯಾಗಿತ್ತು. ಭಾರವಾದ ಪೆಟ್ಟಿಗೆ, ರಾಸಾಯನಿಕಗಳು, ಹೊರುವ ಆಳುಗಳು ಇಲ್ಲದೆ ಅದು ಸಾಧ್ಯವಿರಲಿಲ್ಲ. ಅದು ಅಧಿಕಾರ ಉಳ್ಳವರ ಕೈಯಲ್ಲಿತ್ತು. ಆ ಅಧಿಕಾರವು ಜನರತ್ತ ಕ್ಯಾಮರಾ ತಿರುಗಿಸಿದಾಗ ಏನಾಯಿತೆಂಬುದನ್ನು 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ ತೋರಿಸುತ್ತದೆ. ಅಲ್ಲಿ ಮನುಷ್ಯರು ತಮ್ಮ ನೆಲದಿಂದ ಬೇರ್ಪಟ್ಟು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ನಿಲ್ಲುತ್ತಾರೆ.

2. ಡಬ್ಬಿ ಕ್ಯಾಮರಾದಿಂದ ರೀಲಿನವರೆಗೆ

ಈ ಸ್ಥಿತಿಯನ್ನು ಬದಲಾಯಿಸಿದ್ದು ರೀಲು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಅವರ ಕೊಡಕ್ ಕ್ಯಾಮರಾ ನೂರು ಚಿತ್ರಗಳ ಸುರುಳಿಯೊಂದಿಗೆ ಮಾರುಕಟ್ಟೆಗೆ ಬಂದಿತು. 1900ರಲ್ಲಿ ಒಂದು ಡಾಲರ್ ಬೆಲೆಯ ಬ್ರೌನಿ ಡಬ್ಬಿ ಕ್ಯಾಮರಾ ಬಂದಿತು. ಮರುವರ್ಷ ಬಂದ 120 ಅಳತೆಯ ರೀಲು ಇಂದಿಗೂ ತಯಾರಾಗುತ್ತಿದೆ. ಭಾರತದ ಮಧ್ಯಮವರ್ಗದ ಮನೆಗಳಲ್ಲಿ ಸ್ವಾತಂತ್ರ್ಯಾನಂತರ ಈ ಪಾತ್ರವನ್ನು ವಹಿಸಿದ್ದು ಮುಖ್ಯವಾಗಿ ಆಗ್ಫಾ ಕ್ಲಿಕ್ ಕ್ಯಾಮರಾ. ಅದರಲ್ಲಿ ಒಂದು ರೀಲಿಗೆ ಹನ್ನೆರಡು ಚಿತ್ರಗಳು ಮಾತ್ರ. ವಿದೇಶಿ ರೀಲುಗಳ ಆಮದಿಗೆ ನಿರ್ಬಂಧವಿದ್ದ ಕಾಲದಲ್ಲಿ ಪೂರ್ವ ಜರ್ಮನಿಯ ಓರ್ವೋ ರೀಲುಗಳೂ, 1967ರಲ್ಲಿ ಉತ್ಪಾದನೆ ಆರಂಭಿಸಿದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು-ಬಿಳುಪು ರೀಲುಗಳೂ ಹವ್ಯಾಸಿಗಳ ಆಸರೆಯಾಗಿದ್ದವು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ.

ಈ ತಾಂತ್ರಿಕ ವಿವರಗಳಿಗೆ ಸಾಂಸ್ಕೃತಿಕ ಅರ್ಥವಿದೆ. ಹನ್ನೆರಡು ಚಿತ್ರಗಳ ಮಿತಿಯಿದ್ದಾಗ ಪ್ರತಿಯೊಂದು ಚಿತ್ರವೂ ಒಂದು ನಿರ್ಧಾರವಾಗಿತ್ತು. ಮದುವೆ, ನಾಮಕರಣಗಳಿಗೆ ಹತ್ತು ಚಿತ್ರ ಖರ್ಚಾದ ಮೇಲೆ ಉಳಿದ ಎರಡನ್ನು ಮುಗಿಸದೆ ರೀಲು ತೊಳೆಸುವಂತಿರಲಿಲ್ಲ. ಹೀಗಾಗಿ ಹಿತ್ತಿಲಿನ ಹಲಸಿನ ಮರ, ಊರ ಮುಂದಿನ ಕೆರೆ, ಸಂತೆಯ ದಾರಿ ರೀಲಿನ ತುದಿಗೆ ಬಂದು ಸೇರಿದವು. ನೋಡಬೇಕೆಂದು ಹೊರಟು ತೆಗೆದ ಚಿತ್ರಕ್ಕಿಂತ ಈ ‘ಉಳಿದ’ ಚಿತ್ರಗಳಲ್ಲಿಯೇ ದಿನನಿತ್ಯದ ನೆಲವು ಹೆಚ್ಚು ಸಹಜವಾಗಿ ಸಿಗುತ್ತದೆ ಎನ್ನಬಹುದು.

ತನ್ನ ಸುತ್ತಲಿನ ನೆಲವನ್ನು ಬಿಡದೆ ನೋಡುವ ಹವ್ಯಾಸವು ಕನ್ನಡದಲ್ಲಿ ಸಾಹಿತ್ಯದ ಜೊತೆಗೂ ಬೆಳೆದಿದೆ. ಶಿವರಾಮ ಕಾರಂತರು ‘ಚಿತ್ರಮಯ ದಕ್ಷಿಣ ಕನ್ನಡ’ ಎಂಬ ಹೆಸರಿನಲ್ಲಿ ಪುಸ್ತಕ ತಂದರು; ಒಂದು ಜಿಲ್ಲೆಯನ್ನು ಚಿತ್ರಗಳ ಮೂಲಕ ತನ್ನ ಜನರಿಗೇ ತೋರಿಸಬೇಕೆಂಬ ಹಂಬಲ ಆ ಹೆಸರಿನಲ್ಲಿಯೇ ಇದೆ. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ಕಾಫಿ ತೋಟದ ಸುತ್ತಲಿನ ಹಕ್ಕಿಗಳನ್ನು ದೀರ್ಘಕಾಲ ಚಿತ್ರಿಸಿದರು. ಅವರ ಬರಹದಲ್ಲಿಯೂ ಚಿತ್ರಗಳಲ್ಲಿಯೂ ದೂರದ ಅದ್ಭುತಕ್ಕಿಂತ ನಡೆದು ತಲುಪಬಹುದಾದ ಜಗತ್ತಿಗೆ ಹೆಚ್ಚಿನ ಬೆಲೆಯಿದೆ. ಸಂಡೂರಿನ ಎಂ. ವೈ. ಘೋರ್ಪಡೆ (1931–2011) ರಾಜಕಾರಣದ ನಡುವೆಯೂ ಕಪ್ಪು-ಬಿಳುಪಿನಲ್ಲಿ ಕಾಡುಪ್ರಾಣಿಗಳನ್ನು ಚಿತ್ರಿಸಿದರು. ಹೆಸರಾದವರ ಈ ಸಾಲಿನ ಹಿಂದೆ, ಹೆಸರು ಉಳಿಯದ ಸಾವಿರಾರು ಮಂದಿ ಇದ್ದಾರೆ.

3. ಜಾನಪದದ ದೃಷ್ಟಿಯಿಂದ

ಈ ಚಿತ್ರಗಳು ಜಾನಪದ ವಿದ್ವಾಂಸರ ಆಸಕ್ತಿಗೆ ಏಕೆ ಒಳಪಡಬೇಕು? ಮೊದಲನೆಯದಾಗಿ, ಕ್ಯಾಮರಾದ ಸುತ್ತ ತನ್ನದೇ ಆದ ನಂಬಿಕೆಗಳ ಲೋಕವಿದೆ. ಫೋಟೋ ಹಿಡಿದರೆ ಆಯುಷ್ಯ ಕಡಿಮೆಯಾಗುತ್ತದೆ, ಹಸುಗೂಸನ್ನು ಹಿಡಿಸಬಾರದು, ಮೂವರೇ ನಿಂತು ತೆಗೆಸಬಾರದು ಮುಂತಾದ ನಂಬಿಕೆಗಳು ನಮ್ಮ ಹಳ್ಳಿಗಳಲ್ಲಿ ವ್ಯಾಪಕವಾಗಿದ್ದವು. ಗರ್ಭಗುಡಿಯ ಮೂರ್ತಿಯನ್ನು ಹಿಡಿಯಬಾರದೆಂಬ ನಿಷೇಧ ಅನೇಕ ಕಡೆ ಇಂದಿಗೂ ಇದೆ. ಆದರೆ ಕೆರೆ, ಬೆಟ್ಟ, ಮರಗಳನ್ನು ಹಿಡಿಯಲು ಇಂತಹ ಅಡ್ಡಿ ಕಡಿಮೆ. ದೇವರ ಕಾಡಿನ ಮುಂದೆ ಮಾತ್ರ ಅದು ಮತ್ತೆ ತಲೆಯೆತ್ತುತ್ತದೆ. ಯಾವ ನೆಲವನ್ನು ಹಿಡಿಯಬಹುದು, ಯಾವುದನ್ನು ಹಿಡಿಯಬಾರದು ಎಂಬ ಗೆರೆಯು ಆ ಸಮುದಾಯ ತನ್ನ ಪರಿಸರವನ್ನು ಹಂಚಿಕೊಂಡ ಬಗೆಯನ್ನೇ ತಿಳಿಸುತ್ತದೆ.

ಎರಡನೆಯದಾಗಿ, ಚಿತ್ರವು ಮಾತನ್ನು ಹೊರಡಿಸುತ್ತದೆ. ಮಾನವಶಾಸ್ತ್ರಜ್ಞ ಜಾನ್ ಕಾಲಿಯರ್ ಅವರು ಕೆನಡಾದಲ್ಲಿ ನಡೆದ ಅಧ್ಯಯನವನ್ನು ಆಧರಿಸಿ 1957ರಲ್ಲಿ ಇದನ್ನು ಒಂದು ವಿಧಾನವಾಗಿಯೇ ಮಂಡಿಸಿದರು. ಬರಿಯ ಪ್ರಶ್ನೆಗಳಿಗೆ ಸಿಗದ ವಿವರಗಳು ಛಾಯಾಚಿತ್ರವನ್ನು ಮುಂದಿಟ್ಟಾಗ ಸಿಗುತ್ತವೆ ಎಂಬುದು ಅವರ ಅನುಭವ. ನಮ್ಮ ಕ್ಷೇತ್ರಕಾರ್ಯದಲ್ಲಿಯೂ ಇದು ನಿಜ. ‘ನಿಮ್ಮ ಊರಿನ ಸ್ಥಳನಾಮಗಳನ್ನು ಹೇಳಿ’ ಎಂದರೆ ಹಿರಿಯರು ನಾಲ್ಕಾರು ಹೆಸರು ಹೇಳಿ ಸುಮ್ಮನಾಗುತ್ತಾರೆ. ಕೆರೆಯ ಹಳೆಯ ಚಿತ್ರವೊಂದನ್ನು ಕೈಗಿಟ್ಟರೆ ತೂಬು, ಕೋಡಿ, ಅಗಸರ ಬಂಡೆ, ದನ ಇಳಿಯುವ ಜಾಗ ಎಂದು ಬೆರಳಿಟ್ಟು ತೋರಿಸತೊಡಗುತ್ತಾರೆ. ಪ್ರತಿಯೊಂದು ಬಂಡೆಯ ಹಿಂದೆ ಒಂದು ಐತಿಹ್ಯ ಎದ್ದು ಬರುತ್ತದೆ. ಚಿತ್ರಕ್ಕೆ ಅರ್ಥ ಕೊಡುವುದು ಮಾತು. ಮಾತಿಗೆ ನೆಲೆ ಕೊಡುವುದು ಚಿತ್ರ. ಒಂದನ್ನು ಬಿಟ್ಟು ಇನ್ನೊಂದನ್ನು ಸಂಗ್ರಹಿಸಿದರೆ ಎರಡೂ ಅರ್ಧವಾಗುತ್ತವೆ.

ಇಷ್ಟಾದರೂ ಈ ಚಿತ್ರಗಳನ್ನು ಊರಿನ ಸಮಗ್ರ ನೋಟವೆಂದು ಭಾವಿಸಬಾರದು. ಕ್ಯಾಮರಾ ಕೊಳ್ಳಲು ಶಕ್ತರಾದವರು ಊರಿನಲ್ಲಿ ಕೆಲವರೇ. ಅವರಲ್ಲಿ ಹೆಂಗಸರು ವಿರಳ, ಕೇರಿಯವರು ಇನ್ನೂ ವಿರಳ. ಅಗ್ರಹಾರದ ಬೀದಿಯ ಚಿತ್ರಗಳು ಸಿಗುವಷ್ಟು ಹೊಲಗೇರಿಯ ಚಿತ್ರಗಳು ಸಿಗುವುದಿಲ್ಲ. ಗದ್ದೆಯ ಚೆಲುವನ್ನು ತೋರಿಸುವ ಚಿತ್ರದಲ್ಲಿ ನಾಟಿ ಮಾಡುವ ಹೆಂಗಸರು ದೂರದ ಚುಕ್ಕೆಗಳಾಗಿ ಮಾತ್ರ ಕಾಣುತ್ತಾರೆ. ಆದುದರಿಂದ ಈ ಆಲ್ಬಮ್ಮುಗಳನ್ನು ಓದುವಾಗ ಅಲ್ಲಿ ಇಲ್ಲದಿರುವುದನ್ನೂ ಗುರುತಿಸಬೇಕು. ಆ ಚುಕ್ಕೆಗಳ ಮನೆಯವರನ್ನು ಕೂರಿಸಿಕೊಂಡು ಅದೇ ಚಿತ್ರವನ್ನು ಅವರಿಂದಲೂ ಓದಿಸಬೇಕು.

4. ಕಳೆದುಹೋದ ನೆಲದ ಸಾಕ್ಷಿ

ಕಳೆದ ಶತಮಾನದಲ್ಲಿ ಕರ್ನಾಟಕದ ನೆಲ ಬದಲಾದ ವೇಗವನ್ನು ಗಮನಿಸಿದರೆ ಈ ಚಿತ್ರಗಳ ಮಹತ್ತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ಜೋಗದ ನೀರೂ ಅಣೆಕಟ್ಟಿನ ಅಂಕೆಗೆ ಒಳಪಟ್ಟಿತು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿತು. ಸರ್ಕಾರಿ ಕಡತಗಳಲ್ಲಿ ಇವು ಎಕರೆ, ಕುಟುಂಬ, ಪರಿಹಾರಧನಗಳ ಲೆಕ್ಕವಾಗಿ ಉಳಿದಿವೆ. ಮನೆಯ ಮುಂದಿನ ಕಟ್ಟೆ, ಹೊಳೆಗೆ ಇಳಿಯುವ ಮೆಟ್ಟಿಲು, ಜಾತ್ರೆಯ ಬಯಲು ಹೇಗಿದ್ದವು ಎಂಬುದಕ್ಕೆ ಆ ಊರಿನವರು ಎತ್ತಿಕೊಂಡು ಹೊರಟ ಆಲ್ಬಮ್ಮುಗಳೇ ಆಧಾರ. ಅಣೆಕಟ್ಟಿಗೆ ಮೊದಲಿನ ಜೋಗವನ್ನು ಪ್ರವಾಸಿಯೊಬ್ಬ ಡಬ್ಬಿ ಕ್ಯಾಮರಾದಲ್ಲಿ ಹಿಡಿದಿದ್ದರೆ, ಅದು ನದಿಯ ಚರಿತ್ರೆಗೆ ಸಂಬಂಧಿಸಿದ ದಾಖಲೆಯೂ ಹೌದು.

ಆದರೆ ದಾಖಲೆಯಾಗಲು ಚಿತ್ರ ಒಂದೇ ಸಾಲದು. ಯಾವ ಊರು, ಯಾವ ವರ್ಷ, ಯಾವ ದಿಕ್ಕಿನಿಂದ ಎಂಬ ವಿವರ ಹಿಂಬದಿಯಲ್ಲಿ ಇಲ್ಲದಿದ್ದರೆ ಅದು ‘ಒಂದು ಕೆರೆ’ ಮಾತ್ರ ಆಗುತ್ತದೆ. ತೆಗೆದವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಆಲ್ಬಮ್ಮುಗಳು ರದ್ದಿಗೆ ಹೋಗುತ್ತವೆ. ಕರಾವಳಿ, ಮಲೆನಾಡುಗಳ ತೇವದಲ್ಲಿ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿಯುತ್ತದೆ. ಅಸಿಟೇಟ್ ರೀಲುಗಳು ಹುಳಿವಾಸನೆ ಸೂಸುತ್ತಾ ಮುದುಡುತ್ತವೆ. ವರ್ಣಚಿತ್ರಗಳ ಬಣ್ಣ ಹಾರಿಹೋಗುತ್ತದೆ. ಡಿಜಿಟಲ್ ಕಾಲದಲ್ಲಿ ಮಿತಿಯಿಲ್ಲದಷ್ಟು ಚಿತ್ರಗಳಿದ್ದರೂ ಅಪಾಯ ತಪ್ಪಿಲ್ಲ. ಯಂತ್ರವು ದಿನಾಂಕವನ್ನೂ ಕೆಲವೊಮ್ಮೆ ಅಕ್ಷಾಂಶ, ರೇಖಾಂಶಗಳನ್ನೂ ಬರೆದಿಡುತ್ತದೆ. ಆ ಜಾಗವನ್ನು ಊರವರು ಏನೆಂದು ಕರೆಯುತ್ತಾರೆಂಬುದನ್ನು ಅದು ಬರೆದಿಡುವುದಿಲ್ಲ.

5. ಉಪಸಂಹಾರ

ಈ ಹಿನ್ನೆಲೆಯಲ್ಲಿ ಆಗಬೇಕಾದ ಕೆಲಸ ದೊಡ್ಡ ವೆಚ್ಚದ್ದೇನೂ ಅಲ್ಲ. ಪ್ರತಿ ತಾಲ್ಲೂಕಿನಲ್ಲಿ ಹಳೆಯ ಆಲ್ಬಮ್ಮುಗಳನ್ನು ಗುರುತಿಸಿ, ಮೂಲವನ್ನು ಮನೆಯವರ ಬಳಿಯೇ ಬಿಟ್ಟು, ಪ್ರತಿ ತೆಗೆದುಕೊಳ್ಳಬೇಕು. ಪ್ರತಿಯೊಂದು ಚಿತ್ರಕ್ಕೂ ಕನಿಷ್ಠ ಇಬ್ಬರು ಹಿರಿಯರಿಂದ, ಅವರಲ್ಲಿ ಒಬ್ಬರಾದರೂ ಕ್ಯಾಮರಾ ಇಲ್ಲದ ಮನೆಯವರಿಂದ, ವಿವರಣೆಯನ್ನು ಧ್ವನಿಮುದ್ರಿಸಬೇಕು. ಚಿತ್ರದಲ್ಲಿರುವವರ ಹಾಗೂ ಅವರ ಮನೆಯವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು. ಸಾಧ್ಯವಿದ್ದಲ್ಲಿ ಅದೇ ಸ್ಥಳದಿಂದ ಮತ್ತೊಂದು ಚಿತ್ರ ತೆಗೆದು ಜೊತೆಗಿಡಬೇಕು. ಪದವಿ ತರಗತಿಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿಯೇ ಇದನ್ನು ಮಾಡಬಲ್ಲರು.

ಜಾನಪದ ಸಂಗ್ರಹವು ಹಾಡು, ಕತೆ, ಒಗಟುಗಳನ್ನು ಹೇಳುವವರು ಇರುವಾಗಲೇ ಬರೆದುಕೊಳ್ಳಬೇಕೆಂಬ ತುರ್ತಿನಿಂದ ಆರಂಭವಾಯಿತು. ಅದೇ ತುರ್ತು ಈ ಚಿತ್ರಗಳಿಗೂ ಇದೆ. ಕಾಗದದ ಮೇಲಿನ ಕೆರೆಯನ್ನು ನೋಡಿ ಅದರ ತೂಬಿನ ಹೆಸರು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಷ್ಟು ಕಾಲವೇ ಈ ಕೆಲಸಕ್ಕಿರುವ ಅವಧಿ.