ಕಾವಸ್‌ಜಿಯ ಮೂಗು ಮತ್ತು ಹೆಸರು ಹೇಳಲು ನಾಚುವ ಅಂಗ

ನಮ್ಮ ಯಲಹಂಕದಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ಇಂದು ವಿಮಾನ ನಿಲ್ದಾಣಕ್ಕೆ ಧಾವಿಸುವ ವಾಹನಗಳ ಸಾಲು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನ ಸೇನೆಯೂ ದೇವನಹಳ್ಳಿಯತ್ತಲೇ ಸಾಗಿತ್ತು. ಆ ಮೂರನೆಯ ಮೈಸೂರು ಯುದ್ಧವನ್ನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಶ್ರೀರಂಗಪಟ್ಟಣದ ಒಪ್ಪಂದದ ಕರಾರುಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಆ ಯುದ್ಧ ವೈದ್ಯಶಾಸ್ತ್ರಕ್ಕೆ ಕೊಟ್ಟದ್ದನ್ನು ಮಾತ್ರ ಪಠ್ಯಪುಸ್ತಕ ಹೇಳುತ್ತಿರಲಿಲ್ಲ.

ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದ ನಂತರ ಪುಣೆಯ ಬಳಿ ದೇಶೀಯ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಬುಡ ಕಡಿಯದೆ ಎಬ್ಬಿಸಿ, ಕೆಳಕ್ಕೆ ತಿರುಗಿಸಿ, ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಚಿತ್ರಸಮೇತ ಪ್ರಕಟಿಸಿತು. 1814ರಲ್ಲಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು ಇಂಗ್ಲೆಂಡಿನಲ್ಲಿ ಅದೇ ಕ್ರಮವನ್ನು ಅನುಸರಿಸಿದರು. ಬುಡದಿಂದ ರಕ್ತ ಹರಿಯುತ್ತಿದ್ದರೆ ಚರ್ಮ ಬದುಕುತ್ತದೆ; ಗುಟ್ಟು ಇಷ್ಟೇ.

ಮೊದಲ ಮಹಾಯುದ್ಧದ ಕಾಲದಲ್ಲಿ ಒಡೆಸ್ಸಾದ ಫಿಲಾಟೊವ್, ಇಂಗ್ಲೆಂಡಿನ ಗಿಲ್ಲಿಸ್ ಇಬ್ಬರೂ ಬೇರೆ ಬೇರೆಯಾಗಿ ಅಂಥ ಚರ್ಮವನ್ನು ಕೊಳವೆಯಂತೆ ಸುತ್ತಿ ಹೊಲಿಯುವುದನ್ನು ಕಂಡುಕೊಂಡರು. 1936ರಲ್ಲಿ ಸೋವಿಯತ್ ವೈದ್ಯ ಬೊಗೊರಾಜ್ ಹೊಟ್ಟೆಯ ಚರ್ಮದ ಕೊಳವೆಯಿಂದ ಶಿಶ್ನವನ್ನೇ ಮರುನಿರ್ಮಿಸಿದ ವರದಿ ಪ್ರಕಟಿಸಿದರು. ಕಾರ್ಪ್ಯೂ ಕಟ್ಟಿದ ಮೂಗಿನಿಂದ ಇಲ್ಲಿಗೆ 122 ವರ್ಷ! ಈ ವಿಳಂಬಕ್ಕೆ ವಿದ್ಯೆಯ ಕೊರತೆಯೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಮೂಗು ಹೋದವನು ಬೀದಿಯಲ್ಲಿ ಎಲ್ಲರಿಗೂ ಕಾಣುತ್ತಾನೆ; ಈತ ಪಂಚೆಯ ಮರೆಯಲ್ಲಿ ನೋವು ನುಂಗಿ ಕೂರುತ್ತಾನೆ.

ನಾಚಿಕೆಯ ಈ ಬೆಲೆ ಇಂದಿಗೂ ಇಳಿದಿಲ್ಲ. ಶಿಶ್ನದಲ್ಲಿ ಮೂಳೆಯಿಲ್ಲ, ಆದರೂ ವೈದ್ಯರು ‘ಫ್ರಾಕ್ಚರ್’ ಎನ್ನುತ್ತಾರೆ. ಉದ್ರಿಕ್ತ ಸ್ಥಿತಿಯಲ್ಲಿ ಜೋರಾಗಿ ಬಾಗಿದರೆ ಒಳಗಿನ ಬಿಗಿಯಾದ ಪೊರೆ ಹರಿಯುತ್ತದೆ: ಟಪ್ ಎಂಬ ಸದ್ದು, ನೋವು, ಊತ, ಕಪ್ಪುಗಟ್ಟುವಿಕೆ. ಹಿಂದೆ ಮಂಜುಗಡ್ಡೆ ಇಟ್ಟು ಪಟ್ಟಿ ಕಟ್ಟಿ ಕಾಯುತ್ತಿದ್ದರು. ಅನೇಕರಿಗೆ ಅಂಗ ಸೊಟ್ಟಗಾಗಿ ಉಳಿಯುತ್ತಿತ್ತು. ಈಗ ಬೇಗನೆ ತೆರೆದು, ಕಟ್ಟಿದ ರಕ್ತ ತೆಗೆದು, ಪೊರೆಯನ್ನು ಹೊಲಿಯುತ್ತಾರೆ. ಮೂತ್ರದಲ್ಲಿ ರಕ್ತ ಕಂಡರೆ ಮೂತ್ರನಾಳವೂ ಹರಿದಿರಬಹುದೆಂದು ಪರೀಕ್ಷಿಸುತ್ತಾರೆ. ಒಮ್ಮೆ ಹೊಲಿದ ಮೇಲೂ ಅದೇ ಜಾಗದಲ್ಲಿ ಅಥವಾ ಇನ್ನೊಂದು ಬದಿಯಲ್ಲಿ ಮತ್ತೆ ಹರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆದ್ದರಿಂದಲೇ ಗಾಯ ಮಾಗುವ ತನಕ, ಸಾಮಾನ್ಯವಾಗಿ ಆರು ವಾರದಷ್ಟು ಕಾಲ, ಸಂಯಮದಿಂದಿರಲು ಹೇಳುತ್ತಾರೆ. ಎರಡನೆಯ ಸಲ ಹರಿದರೂ ಚಿಕಿತ್ಸೆ ಅದೇ, ಹೊಲಿಗೆ. ಹಳೆಯ ಕಲೆಗಟ್ಟಿದ ಪೊರೆಯಲ್ಲಿ ಮಾತ್ರ ಶಸ್ತ್ರವೈದ್ಯರ ಕೆಲಸ ಕಷ್ಟವಾಗುತ್ತದೆ.